ಮೂರು ವರ್ಷದ ಗಡುವು ಮುಗಿದ ಮೇಲೆ ಆ ನೆಲ ಜನರಿಗೆ ವಾಪಸ್ ಬರಲಿ: ಡಗ್ ಬರ್ಗಮ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಡಗ್ ಬರ್ಗಮ್ ಅವರಿಗೆ,
ಆಂತರಿಕ ಖಾತೆಯ (ಸಾರ್ವಜನಿಕ ಭೂಮಿ ನೋಡಿಕೊಳ್ಳುವ ಇಲಾಖೆ) ಕಾರ್ಯದರ್ಶಿಗಳು, ಅಮೆರಿಕ ಸಂಯುಕ್ತ ಸಂಸ್ಥಾನ

ನಮಸ್ಕಾರ. ನಾನು ದಕ್ಷಿಣ ನ್ಯೂ ಮೆಕ್ಸಿಕೋದಲ್ಲಿ ನೆಲೆಸಿರುವ ಕನ್ನಡಿಗ, ಇಲ್ಲಿನ ಮತದಾರ. ಈ ಪತ್ರವನ್ನು ಕನ್ನಡದಲ್ಲಿ ಬರೆಯಲು ಕಾರಣ ಇದೆ. ಟೆಕ್ಸಾಸ್, ಅರಿಜೋನಾ, ಕ್ಯಾಲಿಫೋರ್ನಿಯಾದಲ್ಲಿ ಇರುವ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗಡಿಯ ನೆಲ ಸೇನೆಯ ಕೈಗೆ ಹೋಗಿರುವುದು ಗೊತ್ತೇ ಇಲ್ಲ. ಅವರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಗೆ ಇಂಗ್ಲಿಷ್ ಪ್ರತಿ ಬರುತ್ತದೆ.

2025ರ ಏಪ್ರಿಲ್ 15ರಂದು ನ್ಯೂ ಮೆಕ್ಸಿಕೋ ಗಡಿಯ ಸುಮಾರು 1,10,000 ಎಕರೆ ಸಾರ್ವಜನಿಕ ಭೂಮಿಯನ್ನು ಮೂರು ವರ್ಷಕ್ಕೆ ಸೇನೆಗೆ ವರ್ಗಾಯಿಸುತ್ತಿರುವುದಾಗಿ ನೀವು ಪ್ರಕಟಿಸಿದಿರಿ. ಅದಕ್ಕೆ ರಾಷ್ಟ್ರೀಯ ರಕ್ಷಣಾ ಪ್ರದೇಶ ಎಂದು ಹೆಸರಿಟ್ಟರು. ಕಾಗದದ ಮೇಲೆ ಅದು ಈಗ ಅರಿಜೋನಾದ ಫೋರ್ಟ್ ಹುವಾಚುಕಾ ಸೇನಾ ನೆಲೆಯ ಭಾಗ. ಜನ ಬೇಟೆಗೆ, ಚಾರಣಕ್ಕೆ, ದನ ಮೇಯಿಸಲು ಹೋಗುತ್ತಿದ್ದ ಮರುಭೂಮಿಗೆ ಕಾಲಿಟ್ಟರೆ ಸೇನಾ ನೆಲೆಯೊಳಗೆ ನುಗ್ಗಿದಂತೆ. ಆಮೇಲೆ ಟೆಕ್ಸಾಸ್‌ನ ರಿಯೋ ಗ್ರಾಂಡೆ ನದಿ ದಂಡೆ, ಅರಿಜೋನಾದ ಯೂಮಾ, ಕ್ಯಾಲಿಫೋರ್ನಿಯಾದ ಗಡಿಯವರೆಗೂ ಇದೇ ವ್ಯವಸ್ಥೆ ಬೆಳೆಯಿತು.

ಇದನ್ನೆಲ್ಲ ಶುರು ಮಾಡಿದ್ದು ರೂಸ್‌ವೆಲ್ಟ್ ಮೀಸಲು ಪಟ್ಟಿಯ ಹೆಸರಿನಲ್ಲಿ. 1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೋ ಗಡಿಯುದ್ದಕ್ಕೂ 60 ಅಡಿ ಅಗಲದ ನೆಲವನ್ನು ಸರ್ಕಾರದ ಬಳಿ ಉಳಿಸಿಕೊಂಡರು. ಕಳ್ಳಸಾಗಣೆ ತಡೆಯಲು ಗಡಿಯಲ್ಲಿ ಯಾವ ಅಡ್ಡಿಯೂ ಇರಬಾರದು ಎಂಬುದು ಅವರ ಉದ್ದೇಶ. ನೀವು ನಾರ್ತ್ ಡಕೋಟಾದವರು. ಮೆಡೋರಾದಲ್ಲಿ ರೂಸ್‌ವೆಲ್ಟ್ ಹೆಸರಿನ ಗ್ರಂಥಾಲಯ ಆಗಬೇಕು ಎಂದು ಗವರ್ನರ್ ಆಗಿದ್ದಾಗ ಶ್ರಮಪಟ್ಟವರು. ಸಾರ್ವಜನಿಕ ಭೂಮಿ ಆ ಮನುಷ್ಯನಿಗೆ ಎಷ್ಟು ಮುಖ್ಯವಾಗಿತ್ತು ಎಂದು ನಾನು ನಿಮಗೆ ಹೇಳಬೇಕಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನ್ಯೂ ಮೆಕ್ಸಿಕೋದ ಈ ಸೇನಾ ಪ್ರದೇಶ ಸುಮಾರು 170 ಮೈಲಿ ಉದ್ದ. 60 ಅಡಿ ಅಗಲವಾದರೆ ಅಷ್ಟು ಉದ್ದಕ್ಕೆ ಸುಮಾರು 1,240 ಎಕರೆ ಆಗುತ್ತದೆ. ನೀವು ಕೊಟ್ಟಿದ್ದು 1,10,000 ಎಕರೆ. ಅಂದರೆ ಸರಾಸರಿ ಒಂದು ಮೈಲಿ ಅಗಲ. ಗಡಿಗೆ ಅಂಟಿಕೊಂಡ ಪಟ್ಟಿಯೊಂದನ್ನು ಕಾಯಲು ಇಷ್ಟು ನೆಲ ಯಾಕೆ ಬೇಕಾಯಿತು? ಈ ಪ್ರಶ್ನೆಗೆ ಉತ್ತರ ಕೇಳುವ ಹಕ್ಕು ನಮಗಿದೆ, ಅಲ್ವಾ?

ಕಾನೂನಿನ ಮಾತಿಗೆ ಬರುತ್ತೇನೆ, ಯಾಕಂದರೆ ನನ್ನ ದೊಡ್ಡ ತಕರಾರು ಅಲ್ಲೇ ಇದೆ. ಸೈನಿಕರು ಒಳನಾಡಿನಲ್ಲಿ ಪೊಲೀಸ್ ಕೆಲಸ ಮಾಡಬಾರದು ಎಂದು ಪಾಸಿ ಕಾಮಿಟಾಟಸ್ ಕಾಯ್ದೆ 1878ರಿಂದ ಹೇಳುತ್ತಿದೆ. ಆದರೆ ಸೇನೆ ತನ್ನ ನೆಲೆಯನ್ನು ತಾನು ಕಾಯಬಹುದು. ಒಳಗೆ ಬಂದವರನ್ನು ತಡೆದು, ತಪಾಸಣೆ ಮಾಡಿ, ಪೊಲೀಸರಿಗೆ ಒಪ್ಪಿಸಬಹುದು. ಹಾಗಾಗಿ ಗಡಿಯನ್ನೇ ಸೇನಾ ನೆಲೆ ಎಂದು ಕರೆದರು. ಸೈನಿಕರಿಗೆ ಇಲ್ಲದ ಅಧಿಕಾರ ಭೂಪಟದ ಬಣ್ಣ ಬದಲಾಗುತ್ತಿದ್ದಂತೆ ಬಂದುಬಿಟ್ಟಿತು. 2025ರ ಜೂನ್‌ನಲ್ಲಿ ನ್ಯೂ ಮೆಕ್ಸಿಕೋದ ಸಾಂಟಾ ತೆರೆಸಾ ಹತ್ತಿರ ಸೈನಿಕರು ಮೊದಲ ಬಾರಿಗೆ ಮೂವರನ್ನು ಹೀಗೆ ತಡೆದು ನಿಲ್ಲಿಸಿದರು.

ಇನ್ನೊಂದು ಕಾಯ್ದೆಯೂ ಇದೆ. 1958ರ ಎಂಗಲ್ ಕಾಯ್ದೆ ಪ್ರಕಾರ ರಕ್ಷಣಾ ಕೆಲಸಕ್ಕೆ 5,000 ಎಕರೆಗಿಂತ ಜಾಸ್ತಿ ಸಾರ್ವಜನಿಕ ಭೂಮಿ ತೆಗೆಯಬೇಕಾದರೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಒಪ್ಪಬೇಕು. ಯುದ್ಧ ಅಥವಾ ರಾಷ್ಟ್ರೀಯ ತುರ್ತು ಪರಿಸ್ಥಿತಿ ಇದ್ದರೆ ಮಾತ್ರ ವಿನಾಯಿತಿ. ನೀವು ಕೊಟ್ಟಿದ್ದು ಆ ಮಿತಿಯ 22 ಪಟ್ಟು. ದಕ್ಷಿಣ ಗಡಿಯಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದು 2025ರ ಜನವರಿ 20ರಂದು. ಆದರೆ 2025ರ ಮಾರ್ಚ್‌ನಲ್ಲಿ, ಅಂದರೆ ನಿಮ್ಮ ಆದೇಶಕ್ಕೆ ಮೊದಲೇ, ಅಲ್ಲಿ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾಯುವ ದಳ) ಹಿಡಿದವರ ಸಂಖ್ಯೆ ಸುಮಾರು 7 ಸಾವಿರಕ್ಕೆ ಇಳಿದಿತ್ತು. ಹಿಂದಿನ ವರ್ಷ ಅದೇ ತಿಂಗಳು ಅದು 1 ಲಕ್ಷ 37 ಸಾವಿರದಷ್ಟಿತ್ತು. ಸಂಖ್ಯೆ ಇಷ್ಟು ಇಳಿದ ಮೇಲೆ ನೆಲವನ್ನು ಸೇನೆಗೆ ಕೊಡುವ ತುರ್ತು ಎಲ್ಲಿಂದ ಬಂತು?

ಗಡಿ ಕಾಯಬೇಡಿ ಎಂದು ನಾನು ಹೇಳುತ್ತಿಲ್ಲ. ಕಳ್ಳಸಾಗಣೆಯವರು ಮಾಡುವ ಕ್ರೌರ್ಯ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ಕೆಲಸಕ್ಕೆಂದೇ 1924ರಿಂದ ಬಾರ್ಡರ್ ಪ್ಯಾಟ್ರೋಲ್ ಇದೆ. ಬೇಕಿದ್ದರೆ ಅವರಿಗೆ ಇನ್ನಷ್ಟು ಜನ ಕೊಡಿ, ಕ್ಯಾಮೆರಾ ಕೊಡಿ.

ನ್ಯಾಯಾಲಯದಲ್ಲಿ ಏನಾಯಿತು ನೋಡಿ. ಗಡಿ ದಾಟಿದವರ ಮೇಲೆ ಅಕ್ರಮ ಪ್ರವೇಶದ ಜೊತೆಗೆ ಸೇನಾ ನೆಲೆಗೆ ನುಗ್ಗಿದ ಆರೋಪವನ್ನೂ ಹೊರಿಸಲಾಯಿತು. 2025ರ ಮೇ ತಿಂಗಳಲ್ಲಿ ಲಾಸ್ ಕ್ರೂಸಸ್‌ನ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶ ಗ್ರೆಗರಿ ವರ್ಮತ್ ಅವರು 98 ಜನರ ಮೇಲಿನ ನುಗ್ಗುವಿಕೆಯ ಆರೋಪ ವಜಾ ಮಾಡಿದರು. ತಾವು ಸೇನಾ ಪ್ರದೇಶದಲ್ಲಿದ್ದೇವೆ ಎಂದು ಅವರಿಗೆ ಗೊತ್ತಿತ್ತು ಅನ್ನಲು ಸಾಕಷ್ಟು ಆಧಾರ ಇಲ್ಲ ಎಂದರು. ಎಲ್ ಪಾಸೊದಲ್ಲಿ ಜ್ಯೂರಿಯೊಂದು ಪೆರು ದೇಶದ ಹೆಣ್ಣುಮಗಳೊಬ್ಬಳನ್ನು ಅಕ್ರಮ ಪ್ರವೇಶಕ್ಕೆ ತಪ್ಪಿತಸ್ಥೆ ಎಂದಿತು. ಸೇನಾ ಆಸ್ತಿಗೆ ನುಗ್ಗಿದ ಆರೋಪದಿಂದ ಬಿಡುಗಡೆ ಮಾಡಿತು. ರಾತ್ರಿ ಮರುಭೂಮಿಯಲ್ಲಿ ನಡೆದು ಬರುವ ಹೆಂಗಸಿಗೆ ದೂರದಲ್ಲೆಲ್ಲೋ ನೆಟ್ಟ ಬೋರ್ಡು ಕಾಣುತ್ತದೆಯೇ?

ಬೋರ್ಡು ಕಾಣದೆ ಹೋಗುವ ಭಯ ನಮಗೂ ಇದೆ. ಕೆನಡಾ ಗಡಿಯವರೆಗೆ ಹೋಗುವ ಕಾಂಟಿನೆಂಟಲ್ ಡಿವೈಡ್ ಚಾರಣ ದಾರಿಯ ದಕ್ಷಿಣ ತುದಿ ಇರುವುದು ನ್ಯೂ ಮೆಕ್ಸಿಕೋದ ಬೂಟ್‌ಹೀಲ್ ಎಂಬ ನೈಋತ್ಯ ಮೂಲೆಯಲ್ಲಿ, ಮೆಕ್ಸಿಕೋ ಗಡಿಯ ಮೇಲೇ. ಅಲ್ಲಿ ನಿಲ್ಲಲು ಈಗ ಸೇನೆಯ ಅನುಮತಿ ಬೇಕು. ಎಚ್-1ಬಿ ವೀಸಾದಲ್ಲಿದ್ದು ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುತ್ತಿರುವ ನಮ್ಮ ಹುಡುಗರು ರಜೆಯಲ್ಲಿ ಇಂಥ ಕಡೆಗೇ ಹೋಗುತ್ತಾರೆ. ಗೊತ್ತಿಲ್ಲದೆ ಗೆರೆ ದಾಟಿ ಒಂದು ಕೇಸು ಬಿದ್ದರೆ ಅವರ ಗತಿ ಏನು? ನಾವು ಕಾನೂನು ಪ್ರಕಾರ ಬಂದವರು, ನಮಗೇಕೆ ಈ ಗೊಡವೆ ಎನ್ನುವ ಕನ್ನಡಿಗ ಗೆಳೆಯರಿಗೂ ಇದನ್ನೇ ಕೇಳುತ್ತೇನೆ. 2025ರ ಫೆಬ್ರವರಿಯಲ್ಲಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಇಳಿಸಿದ 104 ಭಾರತೀಯರನ್ನು ನೋಡಿ ಮುಖ ತಿರುಗಿಸಿದವರೂ ನಮ್ಮಲ್ಲಿದ್ದಾರೆ. ಅವರು ಕಾನೂನು ಮುರಿದಿರಬಹುದು. ಆದರೂ ನಮ್ಮ ದೇಶದವರು.

ಈ ನೆಲವನ್ನು ಉಳಿಸಲೆಂದೇ ಈ ಕ್ರಮ ಎಂದೂ ನೀವು ಹೇಳಿದಿರಿ. ದಾಟುವವರಿಂದ ಮಣ್ಣು ಸವೆಯುತ್ತದೆ, ಗಿಡಗಂಟಿ ಹಾಳಾಗುತ್ತವೆ ಎಂಬುದು ಇಲಾಖೆಯ ವಾದ. ಕಾಲ್ನಡಿಗೆಯವರಿಂದ ಹಾಳಾಗುವಷ್ಟು ನಾಜೂಕಾದ ನೆಲ ಸೇನೆಯ ಎಂಟು ಚಕ್ರದ ಸ್ಟ್ರೈಕರ್ ಯುದ್ಧ ವಾಹನದ ಭಾರ ತಾಳುತ್ತದೆಯೇ?

ನನ್ನ ಅನುಮಾನಕ್ಕೆ ಊರಿನ ಕಡೆಯ ಕಾರಣವೂ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತ್ ಮಹಲ್ ಕಾವಲು ಅಂತ ಇದೆ. ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ ಹುಲ್ಲುಗಾವಲು. ಅದರಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಕುರಿ ಕಾಯುವವರು, ಕಂಬಳಿ ನೇಯುವವರು ಆ ಹುಲ್ಲನ್ನೇ ನಂಬಿದ್ದವರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು, ಆದರೆ ಹೋದ ಹುಲ್ಲುಗಾವಲು ಪೂರ್ತಿ ವಾಪಸ್ ಬರಲಿಲ್ಲ. ಹಾಗಾಗಿ ಮೂರೇ ವರ್ಷ ಎಂಬ ಮಾತು ಕೇಳಿ ನನಗೆ ಸಮಾಧಾನ ಆಗುವುದಿಲ್ಲ.

ನಿಮ್ಮನ್ನು ಕೇಳುವುದು ಇಷ್ಟೇ. 2028ರ ಏಪ್ರಿಲ್‌ಗೆ ನ್ಯೂ ಮೆಕ್ಸಿಕೋದ ಆದೇಶದ ಅವಧಿ ಮುಗಿಯುತ್ತದೆ. ಅದನ್ನು ಮುಂದುವರಿಸುವುದಿಲ್ಲ ಎಂದು ಈಗಲೇ ಬರೆದು ತಿಳಿಸಿ. ಸೇನೆ ಮತ್ತೆ ಕೇಳಿದರೆ ಎಂಗಲ್ ಕಾಯ್ದೆಯ ದಾರಿಯಲ್ಲೇ ಕಾಂಗ್ರೆಸ್ ಮುಂದೆ ಹೋಗಲಿ. ಲಾಸ್ ಕ್ರೂಸಸ್, ಡೆಮಿಂಗ್, ಕೊಲಂಬಸ್‌ನಲ್ಲಿ ಬಹಿರಂಗ ಸಭೆ ಕರೆಯಲಿ. ಅಲ್ಲಿಯವರೆಗೆ ಯಾವ ಎಕರೆ ಮುಚ್ಚಿದೆ, ಯಾವುದು ತೆರೆದಿದೆ ಎಂದು ತೋರಿಸುವ ಸ್ಪಷ್ಟ ನಕ್ಷೆಯನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ ಊರೂರಿನ ಅಂಚೆ ಕಚೇರಿಯಲ್ಲಿ ಹಾಕಿಸಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ನ್ಯೂ ಮೆಕ್ಸಿಕೋದ ಒಬ್ಬ ಕನ್ನಡಿಗ ಮತದಾರ