ಕಂಪ್ಯೂಟರ್ ಮಲಗಿದರೂ ಯುಎಸ್‌ಬಿ ದೀಪ ಆರುವುದಿಲ್ಲವೇಕೆ?

ಸಂಪಾದಕರಿಗೆ,

ಮಾನ್ಯರೇ,

ಟಿ.ವಿ.ಯ ಬೆನ್ನಿಗೆ ತಿರುಪು ಹಾಕಿ ಕೂರಿಸಬಹುದಾದ ಅಂಗೈಯಗಲದ ಮಿನಿ ಕಂಪ್ಯೂಟರ್‌ಗಳು ಈಗ ಬಹಳಷ್ಟು ಮನೆಗಳಿಗೆ ಬಂದಿವೆ. ಕಳೆದ ವರ್ಷ ನಾನೂ ಒಂದನ್ನು ಕೊಂಡು ನಡುಮನೆಯ ಟಿ.ವಿ.ಗೆ ಜೋಡಿಸಿದೆ. ಪರದೆಯ ಹಿಂದಿನ ಗೋಡೆಗೆ ಮಂದ ಬೆಳಕು ಬೀಳಲಿ ಎಂದು ಒಂದು ಮೀಟರ್ ಉದ್ದದ ಎಲ್‌ಇಡಿ ಪಟ್ಟಿಯನ್ನು ಅದರ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದೆ. ರಾತ್ರಿ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿದರೆ ಟಿ.ವಿ. ಕಪ್ಪಾಗುತ್ತಿತ್ತು, ಫ್ಯಾನಿನ ಸದ್ದು ನಿಲ್ಲುತ್ತಿತ್ತು, ಆದರೆ ದೀಪದ ಪಟ್ಟಿ ಮಾತ್ರ ಬೆಳಗಿನವರೆಗೂ ಉರಿಯುತ್ತಿತ್ತು. ಅದೇ ಕೋಣೆಯಲ್ಲಿ ಮಲಗುವ ನಮ್ಮ ತಾಯಿಯವರು ಮೂರನೆಯ ದಿನ ಟಿ.ವಿ.ಗೆ ಬೆಡ್‌ಶೀಟ್ ಹೊದಿಸಿದರು.

ಮಾರಾಟಗಾರರ ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗ ವಿಂಡೋಸನ್ನು ಅಳಿಸಿ ಮತ್ತೆ ಹಾಕಿಕೊಳ್ಳುವಂತೆ ಸಲಹೆ ಬಂತು. ಒಂದು ಭಾನುವಾರವನ್ನು ಅದಕ್ಕೇ ಮೀಸಲಿಟ್ಟು ಹಾಗೆಯೇ ಮಾಡಿದೆ, ದೀಪ ಆರಲಿಲ್ಲ. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆಯಾಗಿತ್ತೆಂಬುದು ನಂತರ ತಿಳಿಯಿತು. ಇದೇ ತೊಂದರೆಯಲ್ಲಿರುವ ಇತರ ಓದುಗರಿಗೆ ಉಪಯೋಗವಾಗಬಹುದೆಂದು ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಇದು ಕೆಟ್ಟುಹೋದ ಯಂತ್ರದ ಲಕ್ಷಣವಲ್ಲ. ಸ್ಲೀಪ್ ಸ್ಥಿತಿಯಲ್ಲಿ ಪ್ರೊಸೆಸರ್ ನಿಂತರೂ ಮೆಮೊರಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕೀಲಿ ಒತ್ತಿದರೆ ಅಥವಾ ಮೌಸ್ ಅಲುಗಿಸಿದರೆ ಯಂತ್ರ ಏಳಬೇಕಾದರೆ ಆ ಕೀಲಿಮಣೆ ಮತ್ತು ಮೌಸ್‌ಗೂ 5 ವೋಲ್ಟ್ ಸಿಗುತ್ತಿರಬೇಕು. ಆ ಕೆಲಸಕ್ಕೆಂದೇ ಮದರ್‌ಬೋರ್ಡಿನಲ್ಲಿ ಸದಾ ಜೀವಂತವಾಗಿರುವ 5 ವೋಲ್ಟಿನ ಒಂದು ಪ್ರತ್ಯೇಕ ಹಾದಿ ಇರುತ್ತದೆ. ಚಿಕ್ಕ ಬೋರ್ಡುಗಳಲ್ಲಿ ಪ್ರತಿ ಪೋರ್ಟಿಗೂ ಬೇರೆ ಬೇರೆ ಸ್ವಿಚ್ ಕೊಡುವ ಬದಲು ಹಲವು ಪೋರ್ಟುಗಳನ್ನು ಒಟ್ಟಾಗಿ ಇದೇ ಹಾದಿಗೆ ಜೋಡಿಸಿಬಿಡುವುದುಂಟು. ಹಾಗಾದಾಗ ಮೌಸ್‌ಗೆ ಸಿಗುವ ವಿದ್ಯುತ್ ದೀಪಕ್ಕೂ ಸಿಗುತ್ತದೆ.

ನನ್ನನ್ನು ಹೆಚ್ಚು ದಿನ ದಾರಿ ತಪ್ಪಿಸಿದ್ದು ವಿಂಡೋಸಿನ ಒಂದು ವಾಕ್ಯ. ಡಿವೈಸ್ ಮ್ಯಾನೇಜರಿನಲ್ಲಿ, ಪೋರ್ಟುಗಳನ್ನು ನೋಡಿಕೊಳ್ಳುವ ಯುಎಸ್‌ಬಿ ರೂಟ್ ಹಬ್ಬಿನ ಪುಟ ತೆರೆದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡುವ ಅನುಮತಿಯನ್ನು ಕಂಪ್ಯೂಟರಿಗೆ ಕೊಡುವಿರಾ ಎಂಬರ್ಥದ ಚೌಕವೊಂದು ಕಾಣುತ್ತದೆ. ಅದಕ್ಕೆ ಗುರುತು ಹಾಕಿದರೆ ಪೋರ್ಟಿನ ವಿದ್ಯುತ್ತೇ ಕಡಿತವಾಗುತ್ತದೆಂದು ಯಾರಾದರೂ ಭಾವಿಸುತ್ತಾರೆ. ವಾಸ್ತವವಾಗಿ ಅದು ಸಾಧನಕ್ಕೆ ವಿಶ್ರಮಿಸಲು ಸೂಚನೆ ಕೊಡುತ್ತದೆಯೇ ಹೊರತು 5 ವೋಲ್ಟಿನ ತಂತಿಯನ್ನು ಮುಟ್ಟುವುದಿಲ್ಲ. ಯುಎಸ್‌ಬಿ 2.0 ನಿಯಮದ ಪ್ರಕಾರ ಹೀಗೆ ವಿಶ್ರಮಿಸುವ ಸಾಧನ 2.5 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯಬಾರದು, ಆದರೆ ಆ ಶಿಸ್ತು ಇರುವುದು ಕಂಪ್ಯೂಟರಿನ ಮಾತು ಕೇಳಬಲ್ಲ ಸಾಧನಗಳಿಗೆ. ಎಲ್‌ಇಡಿ ಪಟ್ಟಿಗೆ, ಪುಟ್ಟ ಫ್ಯಾನಿಗೆ ದತ್ತಾಂಶದ ತಂತಿಯನ್ನೇ ಜೋಡಿಸಿರುವುದಿಲ್ಲವಾದ್ದರಿಂದ ಅವುಗಳ ಪಾಲಿಗೆ ಯುಎಸ್‌ಬಿ ಪೋರ್ಟ್ ಬರೀ ಒಂದು ಪ್ಲಗ್ಗು.

ಬೀಗದಕೈ ಇರುವುದು ಬಯೋಸಿನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ. ಐರೋಪ್ಯ ಒಕ್ಕೂಟದ 2008ರ ನಿಯಮವೊಂದು, ಆಫ್ ಮಾಡಿಟ್ಟ ಉಪಕರಣ ಎಳೆಯುವ ವಿದ್ಯುತ್ತಿಗೆ 2010ರಿಂದ 1 ವಾಟ್, 2013ರಿಂದ ಅರ್ಧ ವಾಟ್ ಎಂಬ ಮಿತಿ ಹಾಕಿತು. ಅದಕ್ಕೆ ಹೊಂದಿಕೊಳ್ಳಲು ತಯಾರಕರು ಬಯೋಸಿನಲ್ಲಿ, ಆಫ್ ಆದಾಗ ಎಳೆಯುವ ವಿದ್ಯುತ್ತನ್ನು ತಗ್ಗಿಸುವ ಇಆರ್‌ಪಿ (ErP) ಎಂಬ ಆಯ್ಕೆ ಸೇರಿಸಿದರು. ಅದೇ ಬೋರ್ಡುಗಳು ನಮ್ಮಲ್ಲಿಗೂ ಬರುವುದರಿಂದ ಆಯ್ಕೆಯೂ ಜೊತೆಗೆ ಬಂದಿದೆ. ಕೆಲವು ಯಂತ್ರಗಳಲ್ಲಿ ಅದರ ಹೆಸರು ಡೀಪ್ ಸ್ಲೀಪ್ ಎಂದಿರುತ್ತದೆ. ನಾನು ಅದನ್ನು ಚಾಲೂ ಮಾಡಿ, ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಕಾದೆ. ದೀಪ ಉರಿಯುತ್ತಲೇ ಇತ್ತು. ಬಯೋಸಿನ ಆ ಸಾಲನ್ನು ಮತ್ತೊಮ್ಮೆ ಓದಿದಾಗ ಅಲ್ಲಿ ಎಸ್4 ಮತ್ತು ಎಸ್5 ಎಂದು ಮಾತ್ರ ಇರುವುದು ಕಣ್ಣಿಗೆ ಬಿತ್ತು. ಸಾಂಪ್ರದಾಯಿಕ ಸ್ಲೀಪ್ ಎಂದರೆ ಎಸ್3, ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರ ಆಫ್ ಆಗುವ ಹೈಬರ್ನೇಟ್ ಎಸ್4, ಪೂರ್ತಿ ಆಫ್ ಮಾಡುವುದು ಎಸ್5. ನಾನು ಬೀಗ ಹಾಕಿದ್ದು ಬೇರೆ ಕೋಣೆಗೆ.

ಹಾಗಾಗಿ ಪರಿಹಾರ ಹೈಬರ್ನೇಟಿನಲ್ಲಿತ್ತು. ವಿಂಡೋಸ್ ಈ ಆಯ್ಕೆಯನ್ನು ಸಾಮಾನ್ಯವಾಗಿ ಮರೆಮಾಡಿರುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಗುಂಡಿ ಏನು ಮಾಡಬೇಕೆಂದು ನಿಗದಿಪಡಿಸುವ ಪುಟದಲ್ಲಿ ಅದನ್ನು ಹೊರತರಬೇಕು. ಇಆರ್‌ಪಿ ಚಾಲೂ ಇದ್ದು ಹೈಬರ್ನೇಟ್ ಮಾಡಿದ ಆ ರಾತ್ರಿ ದೀಪದ ಪಟ್ಟಿ ಮೊದಲ ಬಾರಿಗೆ ಆರಿತು. ಇದಕ್ಕೆ ಬೆಲೆಯೂ ಇದೆ: ಬೆಳಗ್ಗೆ ಕೀಲಿಮಣೆ ತಟ್ಟಿದರೆ ಯಂತ್ರ ಏಳುವುದಿಲ್ಲ, ಟಿ.ವಿ. ಹಿಂದೆ ಕೈ ಹಾಕಿ ಗುಂಡಿ ಒತ್ತಬೇಕು. ಶಟ್‌ಡೌನ್ ಮಾಡಿದರೂ ದೀಪ ಆರದು ಎನ್ನುವವರು ಬಯೋಸ್ ನೋಡಿದ ಮೇಲೆ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ತೆಗೆದು ಪರೀಕ್ಷಿಸಬೇಕು. ವಿಂಡೋಸ್ 8ರಿಂದೀಚೆಗೆ ಅದು ಚಾಲೂ ಇದ್ದರೆ ಶಟ್‌ಡೌನ್ ಎಂಬುದು ಅರೆ ಹೈಬರ್ನೇಟ್ ಅಷ್ಟೇ.

ದೀಪವನ್ನು ಮಾನಿಟರಿನ ಪೋರ್ಟಿಗೋ ಸ್ವಂತ ಅಡಾಪ್ಟರ್ ಇರುವ ಹಬ್ಬಿಗೋ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆಗೆ) ಸಿಕ್ಕಿಸಿದ್ದರೆ ಕಂಪ್ಯೂಟರಿನಲ್ಲಿ ಏನು ಹುಡುಕಿದರೂ ವ್ಯರ್ಥ. ವಿದ್ಯುತ್ ಬರುತ್ತಿರುವುದು ಬೇರೆ ಕಡೆಯಿಂದ. ಬಯೋಸಿನಲ್ಲಿ ಯಾವ ಆಯ್ಕೆಯೂ ಇಲ್ಲದವರಿಗೆ ಪ್ರತಿ ಪೋರ್ಟಿಗೂ ಗುಂಡಿ ಇರುವ ಅಗ್ಗದ ಹಬ್ಬೇ ಗತಿ. ಆದರೆ ಅದೇ ಹಬ್ಬಿನಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದರೆ, ಅದನ್ನು ಕ್ರಮವಾಗಿ ಇಜೆಕ್ಟ್ ಮಾಡದೆ ಗುಂಡಿ ಒತ್ತಬಾರದು. ಮಲಗಿರುವ ಕಂಪ್ಯೂಟರ್ ಡಿಸ್ಕು ತನ್ನ ಬಳಿಯೇ ಇದೆಯೆಂದು ನಂಬಿರುತ್ತದೆ. ಬರೆದು ಮುಗಿಯದ ಕಡತಗಳು ಹಾಳಾಗಬಹುದು.

ಇಷ್ಟಕ್ಕೂ ಇದು ಕರೆಂಟ್ ಬಿಲ್ಲಿನ ಪ್ರಶ್ನೆಯಲ್ಲ. ಎರಡೂವರೆ ವಾಟಿನ ಪಟ್ಟಿ ರಾತ್ರಿಗೆ ಹತ್ತು ಗಂಟೆ ಉರಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ ಆಗುತ್ತದೆ. ನನ್ನ ಆಕ್ಷೇಪ ಮಾಹಿತಿಯ ಕೊರತೆಯ ಬಗ್ಗೆ. ಪೆಟ್ಟಿಗೆಯ ಮೇಲೆ ಪ್ರೊಸೆಸರಿನ ವೇಗವನ್ನು ದಪ್ಪಕ್ಷರದಲ್ಲಿ ಮುದ್ರಿಸುವವರು, ಸ್ಲೀಪ್, ಹೈಬರ್ನೇಟ್ ಮತ್ತು ಶಟ್‌ಡೌನ್‌ನಲ್ಲಿ ಯಾವ ಪೋರ್ಟಿಗೆ ವಿದ್ಯುತ್ ಇರುತ್ತದೆ, ಯಾವುದಕ್ಕೆ ಇರುವುದಿಲ್ಲ ಎಂಬುದನ್ನು ಕೈಪಿಡಿಯಲ್ಲಿ ಮೂರು ಸಾಲಿನಲ್ಲಿ ಹೇಳಲಾರರೇ? 2006ರಿಂದ ನಕ್ಷತ್ರಗಳ ಪಟ್ಟಿಯ ಮೂಲಕ ಗ್ರಾಹಕರಿಗೆ ವಿದ್ಯುತ್ ಬಳಕೆಯ ತಿಳಿವಳಿಕೆ ನೀಡುತ್ತ ಬಂದಿರುವ ಇಂಧನ ದಕ್ಷತಾ ಬ್ಯೂರೋ, ಮಿನಿ ಕಂಪ್ಯೂಟರ್‌ಗಳು ಮಲಗಿದಾಗ ಎಷ್ಟು ವಾಟ್ ಎಳೆಯುತ್ತವೆಂಬುದನ್ನು ನಮೂದಿಸುವಂತೆ ತಯಾರಕರಿಗೆ ಸೂಚಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ, ಶಿವಮೊಗ್ಗ