"ಅಕ್ಕ, ನನ್ನ ಹಿಂದೆ ಬನ್ನಿ" ಅಂದವರಿಗೆ

ಹೋದ ಭಾನುವಾರ ನನ್ನ ಮೊದಲ ಸೈಕಲ್ ರೇಸ್ ಮುಗಿಸಿದೆ. ನನಗೀಗ 53. ಗೆದ್ದಿಲ್ಲ, ಆದರೆ ಶುರುವಾದ ಗುಂಪಿನ ಜೊತೆಯಲ್ಲೇ ಕೊನೆಯ ಗೆರೆ ದಾಟಿದೆ. ನಾಲ್ಕು ದಿನವಾದರೂ ಖುಷಿ ಇಳಿದಿಲ್ಲ, ಥ್ಯಾಂಕ್ಸ್ ಹೇಳದೆ ಇರೋಕಾಗುತ್ತಿಲ್ಲ.

ಮೊದಲು ನಮ್ಮ ಕೋಚ್ ಸರ್‌ಗೆ. ಸೈಕಲ್ ತಂಡಕ್ಕೆ ಸೇರಿದ ಹೊಸದರಲ್ಲಿ ನಾನು ದಿನಾ ಉಸಿರು ಕಟ್ಟುವಷ್ಟು ಜೋರಾಗಿ ತುಳಿಯುತ್ತಿದ್ದೆ. ತಡವಾಗಿ ಶುರು ಮಾಡಿದ್ದೇನೆ, ಬೇಗ ಬೇಗ ಸರಿದೂಗಿಸಬೇಕು ಅನ್ನುವ ಆತುರ. ಎರಡೇ ತಿಂಗಳಲ್ಲಿ ಮಂಡಿ ನೋವು ಬಂತು. ಸರ್ ಬೈಯಲಿಲ್ಲ. ತೀರಾ ಕೆಳಗಿದ್ದ ಸೀಟನ್ನು ಏರಿಸಿದರು, ಭಾರದ ಗೇರ್ ಬಿಡಿಸಿದರು, ಪೆಡಲ್ ನಿಮಿಷಕ್ಕೆ 90 ಸುತ್ತಿನ ಆಸುಪಾಸಿನಲ್ಲಿ ತಿರುಗುವಂತೆ ಹಗುರವಾಗಿ ತುಳಿಯುವುದನ್ನು ಕಲಿಸಿದರು. ವಾರಕ್ಕೆ ಎರಡು ದಿನ ಮಾತ್ರ ಜೋರು, ಉಳಿದ ದಿನ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ನನಗೆ ನಂಬಿಕೆ ಬರಲಿಲ್ಲ. ಆಗ ಅವರು ಫ್ರಾನ್ಸಿನ ರಾಬರ್ಟ್ ಮಾರ್ಶಾಂ ಅವರ ಕಥೆ ಹೇಳಿದರು. ಆ ಅಜ್ಜ 2012ರಲ್ಲಿ, 100 ವರ್ಷದವರಿದ್ದಾಗ, ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದರು. 2014ರಲ್ಲಿ, 102ನೇ ವಯಸ್ಸಿನಲ್ಲಿ, 26.927 ಕಿ.ಮೀ.! ನಡುವಿನ ಎರಡು ವರ್ಷ ಅವರು ಮಾಡಿದ್ದು ಇದೇ, ಜಾಸ್ತಿ ಪಾಲು ಹಗುರ, ಸ್ವಲ್ಪವೇ ಜೋರು. ಆಮೇಲೆ ನಾನು ವಾದ ಮಾಡಲಿಲ್ಲ.

ಎದೆ ಪರೀಕ್ಷೆ ಮಾಡಿಸದೆ ರೇಸ್‌ಗೆ ಹೆಸರು ಕೊಡಬೇಡಿ ಎಂದು ಹಟ ಹಿಡಿದ ಡಾಕ್ಟರಿಗೂ, ಬೆಳಿಗ್ಗೆ ಐದಕ್ಕೆ ನನ್ನ ಜೊತೆ ಎದ್ದು ಟೈರಿಗೆ ಗಾಳಿ ಹಾಕಿಕೊಟ್ಟ ನಮ್ಮ ಮನೆಯವರಿಗೂ ನಾನು ಋಣಿ.

ಗುಂಪಿನಲ್ಲಿ ಓಡಿಸುವುದನ್ನು ಕಲಿಸಿದ ಹುಡುಗ ಹುಡುಗಿಯರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಮುಂದಿನವರ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಡೆದು ಕಾಲು ಭಾಗದಷ್ಟು ಶಕ್ತಿ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಆ ವೇಗದಲ್ಲಿ ಇನ್ನೊಬ್ಬರ ಚಕ್ರದಿಂದ ಅರ್ಧ ಮೀಟರ್ ದೂರದಲ್ಲಿ ಇರೋದು ಎಂಥ ಭಯ ಅಂತ ಇದ್ದವರಿಗೇ ಗೊತ್ತು, ಅಲ್ವಾ? ನನಗೆ ಕೈ ಬೆವರುತ್ತಿತ್ತು, ಬೆರಳು ಸುಮ್ನೆ ಬ್ರೇಕ್ ಹಿಡಿಯುತ್ತಿತ್ತು. "ಚಕ್ರ ನೋಡಬೇಡಿ ಆಂಟಿ, ಅವರ ಭುಜದ ಆಚೆ ನೋಡಿ" ಅಂತ ಒಬ್ಬಳು ವಾರಗಟ್ಟಲೆ ಪಕ್ಕದಲ್ಲೇ ಬಂದಳು. ಮೊಣಕೈ ಸಡಿಲ ಬಿಡಿ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗದಂತೆ ನೋಡಿಕೊಳ್ಳಿ, ತಾಗಿದರೆ ಬೀಳೋದು ಹಿಂದಿರುವವರು. ತಿರುವಿಗೆ ಮೊದಲೇ ಬ್ರೇಕ್, ತಿರುವಿನೊಳಗೆ ಬೇಡ. ಅವಳ ವಯಸ್ಸು ನನ್ನ ಮಗಳಷ್ಟು, ತಾಳ್ಮೆ ನನಗಿಂತ ಎಷ್ಟೋ ಜಾಸ್ತಿ.

ಇಷ್ಟೆಲ್ಲ ಕಲಿತರೂ ರೇಸಿನ ನಾಲ್ಕನೇ ಸುತ್ತಿನಲ್ಲಿ ಅದೇ ತಪ್ಪು ಮಾಡಿದೆ. ತಿರುವಿನ ನಡುವೆ ಬ್ರೇಕ್ ಹಿಡಿದೆ, ಕಣ್ಣೆದುರೇ ಗುಂಪು ಇಪ್ಪತ್ತು ಮೀಟರ್ ಮುಂದೆ ಹೋಯಿತು. ಒಬ್ಬಳೇ ಗಾಳಿಗೆ ಎದುರು ತುಳಿಯುತ್ತಿದ್ದೆ, ತೊಡೆ ಉರಿಯುತ್ತಿತ್ತು, ಮುಗೀತು ಅಂದುಕೊಂಡೆ. ಆಗ ಹಿಂದಿನಿಂದ ಒಬ್ಬರು ಬಂದು, "ಅಕ್ಕ, ನನ್ನ ಹಿಂದೆ ಬನ್ನಿ" ಅಂದರು. ಅಷ್ಟೇ ಮಾತು. ತೋಳಿನ ಸಂದಿನಿಂದ ಮತ್ತೆ ಮತ್ತೆ ಹಿಂದೆ ನೋಡುತ್ತಾ, ನಾನು ಬಿಟ್ಟುಹೋಗದಷ್ಟೇ ವೇಗದಲ್ಲಿ ಎಳೆದುಕೊಂಡು ಹೋಗಿ ಗುಂಪಿಗೆ ಸೇರಿಸಿದರು. ಅವರೂ ಅದೇ ರೇಸಿನಲ್ಲಿದ್ದವರು, ನನ್ನನ್ನು ಬಿಟ್ಟು ಹೋಗಿದ್ದರೆ ಅವರಿಗೇ ಸುಲಭವಾಗುತ್ತಿತ್ತು. ಮುಗಿದ ಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. ತುಂಬಾ ತುಂಬಾ ಥ್ಯಾಂಕ್ಸ್ ಕಣ್ರೀ.

ಬರುವ ಬುಧವಾರ ನಮ್ಮ ತಂಡಕ್ಕೆ ಹೊಸಬರೊಬ್ಬರು ಬರುತ್ತಾರಂತೆ, 50 ದಾಟಿದವರು. ಮೊದಲ ದಿನ ಗಾಳಿಗೆ ಎದುರಾಗಿ ಅವರ ಮುಂದೆ ನಾನೇ ಇರ್ತೀನಿ ಅಂತ ಕೋಚ್‌ ಸರ್‌ಗೆ ಹೇಳಿಟ್ಟಿದ್ದೇನೆ.