ಅಡಿ ಪಾಂಡಿ ಮರೆ: ಗೆಳೆಯನಿಗೊಂದು ಪತ್ರ

ಬೆಳಗಾವಿ, ಭಾನುವಾರ

ಪ್ರಿಯ ಗೆಳೆಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಬಾಗಲಕೋಟೆಯ ಬಿಸಿಲಲ್ಲಿ ಕುಳಿತು ನಾಲ್ಕು ವರ್ಷ ಒಂದು ಓಲೆಗರಿಯ ಕಟ್ಟನ್ನು ಬಿಡಿಸಿ ಓದಿದವನಿಗೆ, "ಇದರಲ್ಲಿ ನಿಮ್ಮದೇನಿದೆ? ಬರೀ ಹಳೆಯ ಗ್ರಂಥದ ಸಂಪಾದನೆ ತಾನೆ?" ಎಂದು ಸಂದರ್ಶನದಲ್ಲಿ ಕೇಳಿದರಂತೆ. ಕೇಳಿದವರ ಮೇಲೆ ಸಿಟ್ಟು ಬಂತು. ಉತ್ತರ ಕೊಡದೆ ಎದ್ದು ಬಂದ ನಿನ್ನ ಮೇಲೆ ಇನ್ನೂ ಹೆಚ್ಚು ಬಂತು.

ಹೋದ ವಾರ ಚಿಕ್ಕೋಡಿಗೆ ಮದುವೆಗೆಂದು ಹೋದವನು ಊಟ ಮುಗಿಸಿ ಸದಲಗಾ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಬ್ಬು, ಆಮೇಲೆ ದೂಧಗಂಗಾ. ಚಹಾದ ಅಂಗಡಿಯಲ್ಲಿ "ಆ.ನೇ. ಉಪಾಧ್ಯೆಯವರ ಊರು ಇದೇ ಅಲ್ಲವೇ?" ಎಂದೆ. ಅಂಗಡಿಯವರು ಸ್ವಲ್ಪ ಯೋಚಿಸಿ, "ವಿದ್ಯಾಸಾಗರ ಮಹಾರಾಜರ ಊರು" ಎಂದರು. ಆ ಜೈನ ಮುನಿಗಳ ಊರೆಂಬುದೂ ನಿಜವೇ. ಪ್ರಾಕೃತದ ಪ್ರಾಧ್ಯಾಪಕರನ್ನು ಚಹಾದ ಅಂಗಡಿಯಲ್ಲಿ ಯಾರು ನೆನಪಿಡುತ್ತಾರೆ?

ಉಪಾಧ್ಯೆಯವರು ಅಲ್ಲಿ ಹುಟ್ಟಿದ್ದು 1906ರಲ್ಲಿ. ನಮ್ಮ ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲಿನಲ್ಲಿ ಓದಿದರು. 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಎಂಬ ಪ್ರಾಕೃತ ಭಾಷೆ ಕಲಿಸಿದರು. ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದಲ್ಲಿದ್ದರು. ಹುದ್ದೆಗಳ ಮಾತು ಇಷ್ಟು ಸಾಕು. ನಿನಗೆ ಬೇಕಾದದ್ದು ಅವರ ಮೇಜಿನ ಮೇಲಿನ ಕೆಲಸ, ಮತ್ತು ಅದೆಲ್ಲ ಹೆಚ್ಚುಕಡಿಮೆ ಸಂಪಾದನೆಯೇ. 1935ರಲ್ಲಿ, ಮೂವತ್ತು ತುಂಬುವ ಮೊದಲೇ, ಜೈನಾಚಾರ್ಯ ಕುಂದಕುಂದರ ಪ್ರಾಕೃತ ಗ್ರಂಥ ಪ್ರವಚನಸಾರವನ್ನು ಸಂಪಾದಿಸಿ ತಂದರು. 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶ, 157 ಕಥೆಗಳದು. ನಮ್ಮ ವಡ್ಡಾರಾಧನೆಯ ಬೇರು ಹುಡುಕುವವರು ಅದರ ಪೀಠಿಕೆಯನ್ನು ಓದದೆ ಮುಂದೆ ಹೋಗುವಂತಿಲ್ಲ.

ನಾನು ಮಾತ್ರ ಕುವಲಯಮಾಲೆಯ ಹತ್ತಿರ ನಿಂತುಬಿಟ್ಟಿದ್ದೇನೆ. ಉದ್ಯೋತನಸೂರಿ ಜಾಲೋರಿನಲ್ಲಿ ಶಕ 700 ತುಂಬಲು ಒಂದು ದಿನ ಇರುವಾಗ, ಅಂದರೆ ಕ್ರಿ.ಶ. 779ರಲ್ಲಿ, ಮುಗಿಸಿದ ಪ್ರಾಕೃತ ಕಥೆ ಅದು. ಅದರಲ್ಲೊಂದು ಪೇಟೆ ಬರುತ್ತದೆ. ಪೇಟೆ ಇರುವ ಊರಿನ ಹೆಸರು ವಿಜಯಪುರಿ. (ನಿನ್ನ ಮಾವನವರಿಗೆ ಹೇಳಬೇಡ, ಅದು ತಮ್ಮ ವಿಜಯಪುರವೇ ಎಂದು ನಾಳೆಯೇ ಊರೆಲ್ಲ ಸಾರುತ್ತಾರೆ.) ದೇಶ ದೇಶದ ವ್ಯಾಪಾರಿಗಳು ಅಲ್ಲಿ ಸೇರಿದ್ದಾರೆ. ಪ್ರತಿಯೊಬ್ಬರ ಬಾಯಿಂದಲೂ ಒಂದೆರಡು ಪದ ಹೊರಡಿಸುತ್ತಾನೆ ಕವಿ. ಗುಜರಾತಿನವನದೊಂದು, ಮಾಳವದವನದೊಂದು, ಮರಾಠದವನದೊಂದು. ಕರ್ನಾಟಕದವನು ಹೇಳುವುದು "ಅಡಿ ಪಾಂಡಿ ಮರೆ".

ಜೋರಾಗಿ ಓದಿ ನೋಡು. ಅಡಿ ನಮ್ಮದು, ಮರೆಯೂ ನಮ್ಮದು, ಒಟ್ಟು ಮಾತು ಮಾತ್ರ ಕೈಗೆ ಸಿಗುವುದಿಲ್ಲ. ಕನ್ನಡ ಬಾರದ ಕಿವಿ ಕೇಳಿದ್ದನ್ನು ಕನ್ನಡ ಬಾರದ ಕೈಗಳು ನಕಲು ಮಾಡುತ್ತ ಬಂದಿವೆ. ಉಪಾಧ್ಯೆಯವರ ಮುಂದಿದ್ದದ್ದು ಎರಡೇ ಪ್ರತಿ: ಜೈಸಲ್ಮೇರಿನ ತಾಳೆಗರಿ ಒಂದು, ಪುಣೆಯ ಕಾಗದದ್ದು ಇನ್ನೊಂದು. ತಾಳೆಗರಿಯ ಪ್ರತಿಯೇ ಕವಿಗಿಂತ ಮುನ್ನೂರು ವರ್ಷ ಈಚಿನದು. ಸದಲಗಾದಲ್ಲಿ ಹುಟ್ಟಿದ ಮನುಷ್ಯನಿಗೆ ಇದನ್ನು ಸ್ವಲ್ಪ ತಿದ್ದಿ ಒಳ್ಳೆಯ ಕನ್ನಡವಾಗಿಸಲು ಎಷ್ಟು ಆಸೆಯಾಗಿರಬೇಡ! ನಾನಾಗಿದ್ದರೆ "ಮರೆ" ಎಂಬುದನ್ನು "ಮಾರಾಯಾ" ಮಾಡಿ ಪ್ರಬಂಧವನ್ನೂ ಬರೆದುಬಿಡುತ್ತಿದ್ದೆ. ಅವರು ಪ್ರತಿಯಲ್ಲಿದ್ದ ಸದ್ದನ್ನು ಹಾಗೆಯೇ ಅಚ್ಚಿಗೆ ಕೊಟ್ಟರು. ಮೂಲಪಾಠ ಬಂದದ್ದು 1959ರಲ್ಲಿ. ಪೀಠಿಕೆ, ಟಿಪ್ಪಣಿಗಳ ಎರಡನೆಯ ಭಾಗ 1970ರಲ್ಲಿ. ನಡುವೆ ಹನ್ನೊಂದು ವರ್ಷ. ನಿನ್ನದು ನಾಲ್ಕಾಯಿತೆಂದು ಗೋಳಾಡುತ್ತೀಯೆ.

ಬಿಡಿ ಲೇಖನಗಳಲ್ಲೂ ಅದೇ ಪಟ್ಟು. ಜೈನರ ಯಾಪನೀಯ ಸಂಘ ಗೊತ್ತಲ್ಲ, ದಿಗಂಬರರಂತೆ ಬತ್ತಲೆ ಇರುತ್ತಿದ್ದ, ಆದರೆ ಹೆಣ್ಣಿಗೂ ಮೋಕ್ಷವುಂಟು ಎಂದು ಶ್ವೇತಾಂಬರರಂತೆ ನಂಬುತ್ತಿದ್ದ ಮುನಿಗಳು. ನಮ್ಮ ಕಡೆಯ ಶಾಸನಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಸಿಗುತ್ತದೆ. 1933ರಲ್ಲಿ ಈ ಮುನಿಗಳ ಮೇಲೆ ಲೇಖನ ಬರೆದ ಉಪಾಧ್ಯೆಯವರು ನಾಲ್ಕು ದಶಕ ಕಳೆದು, ಬದುಕಿನ ಕೊನೆಗೆ, "ಇನ್ನಷ್ಟು ಬೆಳಕು" ಎಂದು ಅದೇ ವಿಷಯಕ್ಕೆ ಮರಳಿದರು. 1975ರಲ್ಲಿ ತೀರಿಕೊಂಡರು. ಚೆಲ್ಲಾಪಿಲ್ಲಿಯಾಗಿದ್ದ ಲೇಖನಗಳನ್ನು ಮೈಸೂರು ವಿಶ್ವವಿದ್ಯಾಲಯ 1983ರಲ್ಲಿ ಒಂದು ಸಂಪುಟವಾಗಿ ತಂದಿತು. ಬಹುಪಾಲು ಇಂಗ್ಲಿಷಿನಲ್ಲೇ ಬರೆದವರು, ನಿಜ. ಕನ್ನಡದಲ್ಲಿ ಇನ್ನಷ್ಟು ಬರೆಯಬೇಕಿತ್ತು ಎಂಬ ತಕರಾರು ನನಗೂ ಇದೆ. ಆದರೂ 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. "ನಿಮ್ಮದೇನಿದೆ?" ಎಂದು ಆಗ ಯಾರೂ ಕೇಳಿದಂತಿಲ್ಲ.

ಇನ್ನು ನಿನ್ನ ಹನ್ನೆರಡನೆಯ ಗರಿಯ ವಿಷಯ. ಹುಳು ತಿಂದ ಜಾಗದಲ್ಲಿ ಇರುವುದು "ಳ"ವೋ ಹಳಗನ್ನಡದ "ೞ"ವೋ ಎಂದು ಬರೆದಿದ್ದೀಯೆ. ನೀನು ಕಳಿಸಿದ ಫೋಟೊದಲ್ಲಿ ಫ್ಲ್ಯಾಶಿನ ಬೆಳಕು ಹೊಳೆದು ಅಕ್ಷರ ನುಂಗಿಹೋಗಿದೆ. ಬೆಳಿಗ್ಗೆ ಕಿಟಕಿಯ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಮತ್ತೊಮ್ಮೆ ತೆಗೆದು ಕಳಿಸು. ಅಲ್ಲಿಯವರೆಗೆ ಆ ಜಾಗ ಖಾಲಿಯೇ ಇರಲಿ, ತುಂಬಬೇಡ.

ನಿನ್ನವನೇ,
ಬೆಳಗಾವಿಯ ಗೆಳೆಯ